ಪ್ರವಾಸ ಮುಗಿಸಿ ಬರುವಾಗ ಚೀಲದಲ್ಲಿ ಏನಿರಬೇಕು?

ನಮ್ಮಜ್ಜಿ ಕಾಶಿಗೆ ಹೋಗಿ ಬಂದಾಗ ತಂದದ್ದು ಒಂದು ಡಜನ್ ಪುಟ್ಟ ತಾಮ್ರದ ಗಿಂಡಿ, ಒಂದು ಕಟ್ಟು ಕಾಶಿದಾರ. ಅಷ್ಟೇ. ಬಾಯಿಗೆ ಬೆಸುಗೆ ಹಾಕಿದ ಆ ಗಿಂಡಿಗಳಲ್ಲಿ ಗಂಗೆ ಇತ್ತು. ಊರಿಗೆ ಬಂದ ಮೇಲೆ ಕಾಶಿ ಸಮಾರಾಧನೆ ಮಾಡಿ, ಊಟಕ್ಕೆ ಬಂದ ನೆಂಟರಿಷ್ಟರಿಗೆಲ್ಲ ಒಂದೊಂದು ಗಿಂಡಿ ಕೊಟ್ಟು, ಕೈಗೆ ದಾರ ಕಟ್ಟಿ ಕಳಿಸಿದರು. ದಾರ ಕೆಲವೇ ತಿಂಗಳಲ್ಲಿ ಸವೆದು ಹೋಯಿತು. ಮನೆಯಲ್ಲಿ ಉಳಿದದ್ದು ದೇವರ ಗೂಡಿನೊಳಗಿನ ಒಂದೇ ಒಂದು ಗಿಂಡಿ.

ಆದರೆ ಅಜ್ಜಿ ಕಾಶಿಯಲ್ಲಿ ಸೀತಾಫಲ ಬಿಟ್ಟು ಬಂದಿದ್ದರು. ಕಾಶಿಗೆ ಹೋದವರು ತಮಗೆ ತುಂಬ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು, ಮತ್ತೆಂದೂ ಬಾಯಿಗೆ ಇಡದಿರುವುದು ನಮ್ಮಲ್ಲಿ ಹಳೆಯ ರೂಢಿ. ಪ್ರತಿ ವರ್ಷ ದಸರೆಯ ಸುಮಾರಿಗೆ ಸೀತಾಫಲ ಮನೆಗೆ ಬರುತ್ತಿತ್ತು. ಯಾರಾದರೂ ಮರೆತು ಅವರ ಮುಂದೆ ಹಿಡಿದರೆ, “ನಾನು ಕಾಶೀಲಿ ಬಿಟ್ಟಿದೀನಿ ಕಣೇ” ಅನ್ನುವರು. ಅಲ್ಲಿಂದ ಶುರು. ರೈಲಿನಲ್ಲಿ ಬುತ್ತಿ ಹುಳಿಯಾದದ್ದು, ಚಳಿಗೆ ನಡುಗುತ್ತ ಬೆಳಗಿನ ಜಾವ ಮೆಟ್ಟಿಲಿಳಿದದ್ದು, ದೋಣಿಯವನ ಜೊತೆ ತಾತ ಕನ್ನಡದಲ್ಲೇ ಚೌಕಾಸಿ ಮಾಡಿದ್ದು. ವರ್ಷಕ್ಕೊಮ್ಮೆ ಹೀಗೆ ಕೇಳಿ ಕೇಳಿ, ನಾನು ಕಾಶಿಯನ್ನು ನೋಡುವ ಮೊದಲೇ ಆ ಮೆಟ್ಟಿಲುಗಳು ನನಗೆ ಗೊತ್ತಿದ್ದವು.

ನಮ್ಮ ಮನೆಯ ಷೋಕೇಸ್ ನೋಡಿದಾಗಲೆಲ್ಲ ಆ ಒಂದು ಗಿಂಡಿ ನೆನಪಾಗುತ್ತಿತ್ತು. ಪ್ಲಾಸ್ಟರಿನ ತಾಜಮಹಲು, ಊಟಿ ಎಂದು ಬರೆದ ಪಿಂಗಾಣಿ ಕಪ್ಪು, ರಾಮೇಶ್ವರದ ಚಿಪ್ಪಿನ ಕನ್ನಡಿ, ಫ್ರಿಜ್ಜಿನ ಬಾಗಿಲು ಕಾಣದಷ್ಟು ಮ್ಯಾಗ್ನೆಟ್ಟು. ಹೋದ ವರ್ಷ ದೂಳು ಒರೆಸುವಾಗ ಮಗಳು ಒಂದು ಸಣ್ಣ ಲೋಹದ ಆನೆಯನ್ನು ಎತ್ತಿ “ಇದು ಎಲ್ಲೀದಮ್ಮ?” ಅಂದಳು. ನನಗೂ ಗೊತ್ತಾಗಲಿಲ್ಲ, ಅವಳ ಅಪ್ಪನಿಗೂ ಗೊತ್ತಾಗಲಿಲ್ಲ. ದುಡ್ಡು ಕೊಟ್ಟು, ಬಟ್ಟೆಯಲ್ಲಿ ಸುತ್ತಿ, ಒಡೆಯದಂತೆ ಅಷ್ಟು ದೂರದಿಂದ ಹೊತ್ತು ತಂದಿದ್ದೆವು. ಅದು ಯಾವ ಊರನ್ನೂ ನೆನಪಿಸಲಿಲ್ಲ.

ಆವತ್ತಿನಿಂದ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಪ್ರವಾಸದಿಂದ ಏನೇ ತಂದರೂ ಅದು ಮತ್ತೆ ಕೈಗೆ ಬರುವ ಒಂದು ದಿನ ಇರಬೇಕು. ತಿನ್ನುವ ದಿನ, ಉಡುವ ದಿನ, ಹಬ್ಬದಲ್ಲಿ ಹೊರಗಿಡುವ ದಿನ, ತೆರೆದು ಓದುವ ದಿನ, ಯಾವುದಾದರೂ ಸರಿ. ಅಂಥ ದಿನವೇ ಇಲ್ಲದ ವಸ್ತುವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅಜ್ಜಿಯ ಸೀತಾಫಲಕ್ಕೆ ವರ್ಷಕ್ಕೊಂದು ಕಾಲ ಇತ್ತು, ಅದಕ್ಕೇ ಕಾಶಿ ಉಳಿಯಿತು.

ಮುಗಿದುಹೋಗುವುದನ್ನು ತನ್ನಿ

ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಹೋದಾಗ ಈ ಲೆಕ್ಕವನ್ನು ಮೊದಲ ಸಲ ಪೂರ್ತಿ ಪಾಲಿಸಿದೆವು. ಮೂರು ದಿನದ ಪ್ರವಾಸದಿಂದ ಬಂದ ಸಾಮಾನು ಇಷ್ಟು: ಅಮೀನಗಡದ ಕರದಂಟು ಎರಡು ಡಬ್ಬಿ, ಗುರೆಳ್ಳು ಚಟ್ನಿಪುಡಿ ಒಂದು ಪೊಟ್ಟಣ, ಅಮ್ಮನಿಗೂ ನನಗೂ ಒಂದೊಂದು ಗುಳೇದಗುಡ್ಡದ ಖಣ.

ಬಾದಾಮಿಯ ಬನಶಂಕರಿ ಗುಡಿಯ ಮುಂದೆ ಹೆಂಗಸರು ಬುಟ್ಟಿಯಲ್ಲಿ ಊಟ ತಂದು ಮಾರುತ್ತಾರೆ. ಜೋಳದ ರೊಟ್ಟಿ, ಪಲ್ಯ, ಕೆಂಪು ಮೆಣಸಿನಕಾಯಿ ಚಟ್ನಿ, ಗಟ್ಟಿ ಮೊಸರು. ನಾವು ಮರದ ನೆರಳಿನಲ್ಲಿ ಕೂತು ಉಂಡೆವು. ಅವರು ಗುರೆಳ್ಳು ಅನ್ನುವುದು ನಮ್ಮ ಮೈಸೂರು ಕಡೆಯ ಹುಚ್ಚೆಳ್ಳೇ ಎಂದು ಅಮ್ಮನಿಗೆ ಅಲ್ಲೇ ಗೊತ್ತಾಗಿದ್ದು. ಚಟ್ನಿಪುಡಿ ಹೇಗೆ ಮಾಡುತ್ತೀರಿ ಎಂದು ಬಡಿಸುತ್ತಿದ್ದವರನ್ನೇ ಕೇಳಿ ಚೀಟಿಯಲ್ಲಿ ಬರೆದುಕೊಂಡರು. ತಂದ ಪೊಟ್ಟಣ ಹದಿನೈದು ದಿನದಲ್ಲಿ ಖಾಲಿಯಾಯಿತು. ಆದರೆ ಆ ಚೀಟಿ ಅಡುಗೆ ಪುಸ್ತಕದೊಳಗಿದೆ. ಹುಚ್ಚೆಳ್ಳು ಹುರಿಯುವ ವಾಸನೆ ಬಂದಾಗಲೆಲ್ಲ ಮಗ “ಬಾದಾಮಿ ಪುಡಿ” ಅನ್ನುತ್ತಾನೆ.

ಹೀಗೆ ಮುಗಿಯುವಂಥದನ್ನು ತರುವುದು ನಮ್ಮ ರಾಜ್ಯದಲ್ಲಿ ಸುಲಭ. ಧಾರವಾಡಕ್ಕೆ ಪೇಡೆ, ಬೆಳಗಾವಿಗೆ ಕುಂದಾ, ಕೊಡಗಿಗೆ ಕಾಚಂಪುಳಿ, ಚಿಕ್ಕಮಗಳೂರಿಗೆ ಕಾಫಿಪುಡಿ. ಪ್ರತಿ ಊರಿಗೂ ಬಾಯಿಗೊಂದು ರುಚಿ ಇದೆ. ತಿನಿಸಿನ ಜೊತೆ ಮಾಡುವ ವಿಧಾನವನ್ನೂ ಕೇಳಿ ತನ್ನಿ. ಊರಿನ ಹೆಸರು, ತಿಂಗಳು, ಹೇಳಿದವರು ಯಾರು ಎಂದು ಅದರ ಕೆಳಗೆ ಒಂದು ಸಾಲು ಬರೆದಿಡಿ. ಡಬ್ಬಿಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಖಾಲಿ ಸಿಹಿ ಡಬ್ಬಿ ನೆನಪಿನ ಹೆಸರಿನಲ್ಲಿ ಅಟ್ಟ ಸೇರುವುದು ನಮ್ಮೆಲ್ಲರ ಮನೆಯ ಕಥೆ.

ಬಟ್ಟೆಯೂ ಒಳ್ಳೆಯದೇ, ಉಡುವುದಾದರೆ. ಇಳಕಲ್ ಸೀರೆ ಕೊಳ್ಳುವಾಗ “ಇದನ್ನು ಯಾವ ಹಬ್ಬಕ್ಕೆ ಉಡುತ್ತೇನೆ?” ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ. ಉತ್ತರ ಬಂದರೆ ಕೊಳ್ಳಿ. ನನ್ನ ಖಣ ಆ ವರ್ಷದ ಸಂಕ್ರಾಂತಿಗೇ ಕುಪ್ಪಸವಾಯಿತು. ಎಳ್ಳು ಬೀರಲು ಹೋದ ಮನೆಯಲ್ಲೆಲ್ಲ “ಎಲ್ಲಿ ತಗೊಂಡ್ರಿ?” ಎಂದು ಕೇಳಿದರು, ನಾನು ಹೇಳಿದೆ.

ಗೊಂಬೆಗೆ ಒಂದು ಹಬ್ಬವಿದೆ

ಮಕ್ಕಳು ಜೊತೆಗಿರುವಾಗ ಏನೂ ಕೊಳ್ಳುವುದಿಲ್ಲ ಎನ್ನಲಾಗದು, ಹಾಗೆ ಅನ್ನುವುದು ಸರಿಯೂ ಅಲ್ಲ. ಹಳೇ ಮೈಸೂರಿನ ಮನೆಗಳಲ್ಲಿ ಇದಕ್ಕೆ ಸೊಗಸಾದ ದಾರಿಯೊಂದು ಹಿಂದಿನಿಂದಲೂ ಇದೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವವರು ಪಟ್ಟದ ಗೊಂಬೆಗಳ ಸುತ್ತ ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಿಸುತ್ತಾರೆ. ಹಬ್ಬ ಮುಗಿದ ಮೇಲೆ ಎಲ್ಲವೂ ಹಳೆಯ ಪಂಚೆ, ಸೀರೆ ತುಂಡುಗಳಲ್ಲಿ ಸುತ್ತಿಕೊಂಡು ಟ್ರಂಕಿಗೆ ಹೋಗುತ್ತವೆ. ಮುಂದಿನ ನವರಾತ್ರಿಯವರೆಗೂ ಅವು ಕಣ್ಣಿಗೆ ಬೀಳುವುದಿಲ್ಲ, ದೂಳು ಹಿಡಿಯುವುದಿಲ್ಲ. ಹೊರಬಂದಾಗ ಒಂಬತ್ತು ದಿನ ಅವುಗಳದ್ದೇ ಮಾತು. ಬೊಂಬೆ ಬಾಗಿನಕ್ಕೆ ಬಂದ ಮಕ್ಕಳು ಒಂದೊಂದನ್ನೂ ತೋರಿಸಿ ಕೇಳುತ್ತವೆ, ಮನೆಯ ಮಕ್ಕಳು ಉತ್ತರ ಹೇಳುತ್ತವೆ.

ಆದ್ದರಿಂದ ಪ್ರವಾಸಕ್ಕೊಂದು ಗೊಂಬೆ, ಇಡೀ ಮನೆಗೆ ಸೇರಿ ಒಂದೇ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ ಬೆಂಗಳೂರು-ಮೈಸೂರು ದಾರಿಯಲ್ಲೇ ಸಿಗುತ್ತದೆ. ಕೊಪ್ಪಳದ ಕಡೆ ಹೋದರೆ ಕಿನ್ನಾಳದ ಗೊಂಬೆ, ಆಂಧ್ರದಲ್ಲಿ ಕೊಂಡಪಲ್ಲಿಯದು, ತಂಜಾವೂರಿನಲ್ಲಿ ತಲೆಯಾಡಿಸುವ ಗೊಂಬೆ. ಇವೆಲ್ಲ ಆಯಾ ಊರಿನವರ ಕೈಕೆಲಸ. ಎಲ್ಲೋ ಅಚ್ಚು ಹಾಕಿ ಎಲ್ಲ ಊರಿನ ಹೆಸರನ್ನೂ ಅಂಟಿಸಿ ಮಾರುವ ಮ್ಯಾಗ್ನೆಟ್ಟಿಗೆ ಕೊಡುವ ದುಡ್ಡು ಇಂಥವರ ಕೈ ಸೇರಿದರೆ ನನಗೆ ಸಮಾಧಾನ. ಮನೆಗೆ ಬಂದ ಕೂಡಲೇ ಗೊಂಬೆಯ ಅಡಿಗೆ ಚೀಟಿ ಅಂಟಿಸಿ, ಊರು, ತಿಂಗಳು, ವರ್ಷ, ಆರಿಸಿದವರ ಹೆಸರು ಬರೆಯಿರಿ. ಷೋಕೇಸಿನಲ್ಲಿದ್ದ ಆ ಆನೆಗೆ ಇಷ್ಟು ಮಾಡಿದ್ದರೆ ಸಾಕಿತ್ತು.

ಗೊಂಬೆ ಕೂರಿಸುವ ಪದ್ಧತಿ ಇಲ್ಲದ ಮನೆಯವರು ದೀಪಾವಳಿಗೋ ಮಗುವಿನ ಹುಟ್ಟುಹಬ್ಬಕ್ಕೋ ಒಂದು ವಾರ ಹೊರಗಿಟ್ಟು ಮತ್ತೆ ಒಳಗಿಡಬಹುದು. ವರ್ಷವಿಡೀ ಕಣ್ಣ ಮುಂದೆ ಇದ್ದದ್ದು ಕ್ರಮೇಣ ಕಣ್ಣಿಗೆ ಕಾಣುವುದೇ ಇಲ್ಲ.

ಹೆಕ್ಕಿ ತರಬಾರದ್ದು

ದುಡ್ಡು ಕೊಡದೆ ಸಿಗುವ ನೆನಪಿನ ಕಾಣಿಕೆಗಳ ವಿಷಯದಲ್ಲಿ ಎಚ್ಚರ ಬೇಕು. ಹಂಪಿಯಲ್ಲೋ ಐಹೊಳೆಯಲ್ಲೋ ಬಿದ್ದಿರುವ ಕೆತ್ತನೆಯ ಚೂರು ಕಸವಲ್ಲ, ಸ್ಮಾರಕದ ಭಾಗ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ, ಅದರ ಭಾಗ ತೆಗೆದರೆ ಅಥವಾ ಗೋಡೆಯ ಮೇಲೆ ಹೆಸರು ಗೀಚಿದರೆ, ಸ್ಮಾರಕಗಳ ಕಾಯ್ದೆಗೆ ಆದ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಇದೆ. ಮಕ್ಕಳಿಗೆ ಕಲ್ಲಿನ ರಥವೇ ಬೇಕೆಂದರೆ ಕಿಸೆಯಿಂದ 50 ರೂಪಾಯಿಯ ಹೊಸ ನೋಟು ತೆಗೆಯಿರಿ. 2017ರಲ್ಲಿ ಬಂದ ಆ ನೋಟಿನ ಹಿಂಬದಿಯಲ್ಲಿ ಹಂಪಿಯ ರಥವೇ ಇದೆ. ನೋಟನ್ನು ಎತ್ತಿ ಹಿಡಿದು, ಅದರಾಚೆ ನಿಜವಾದ ರಥ ಕಾಣುವಂತೆ ಒಂದು ಚಿತ್ರ ತೆಗೆದರೆ ಆಮೇಲೆ ಅಂಗಡಿಯಲ್ಲಿ ನೋಟು ಕೈಗೆ ಬಂದಾಗಲೆಲ್ಲ ಮಗುವಿಗೆ ಹಂಪಿ ನೆನಪಾಗುತ್ತದೆ.

ಸಮುದ್ರದ ದಡದಲ್ಲಿ ಚಿಪ್ಪು ಆರಿಸದ ಮಕ್ಕಳಿಲ್ಲ. ಆದರೆ ಹವಳ, ಹಾಗೂ ಕೆಲವು ಜಾತಿಯ ಶಂಖ-ಚಿಪ್ಪುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಯಾವುದು ಹೌದು ಯಾವುದು ಅಲ್ಲ ಎಂದು ನಮ್ಮಂಥವರಿಗೆ ನೋಡಿದೊಡನೆ ತಿಳಿಯುವುದಿಲ್ಲ. ಖಾಲಿ ಚಿಪ್ಪಿನೊಳಗೆ ಹೊಕ್ಕು ಅದನ್ನೇ ಮನೆ ಮಾಡಿಕೊಳ್ಳುವ ಏಡಿಗಳೂ ಇವೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳಂತೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಂಡೀಪುರ, ನಾಗರಹೊಳೆಯ ಕಾಡಿನೊಳಗಿನಿಂದ ಗರಿ, ಕೊಂಬು, ಬೀಜ ಯಾವುದನ್ನೂ ತರುವಂತಿಲ್ಲ. ಸಿಕ್ಕಿದ ಚಿಪ್ಪನ್ನು ಮಗುವಿನ ಅಂಗೈ ಮೇಲೆ ಇಟ್ಟು ಚಿತ್ರ ತೆಗೆಯಿರಿ, ಅದನ್ನು ಮರಳಿಗೇ ಬಿಡಿ. ಅಂಗೈ ಎಷ್ಟು ಚಿಕ್ಕದಿತ್ತು ಎಂಬುದೂ ಆ ಚಿತ್ರದಲ್ಲಿ ಉಳಿಯುತ್ತದೆ.

ಒಂದು ಡಬ್ಬಿ, ಒಂದೊಂದು ಲಕೋಟೆ

ಕಾಗದದ ನೆನಪು ಜಾಗ ತಿನ್ನುವುದಿಲ್ಲ. ಮನೆಗೆಲ್ಲ ಒಂದು ಡಬ್ಬಿ ಇಟ್ಟುಕೊಳ್ಳಿ, ಸೀರೆ ಅಂಗಡಿಯ ರಟ್ಟಿನ ಡಬ್ಬಿಯಾದರೂ ನಡೆಯುತ್ತದೆ. ಪ್ರವಾಸಕ್ಕೊಂದು ಲಕೋಟೆ. ಮದುವೆ ಕರೆಯೋಲೆಗಳ ಗಟ್ಟಿ ಲಕೋಟೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಲಕೋಟೆಯೊಳಗೆ ಹಿಡಿಸಿದಷ್ಟು ಇರಲಿ, ಹಿಡಿಸದ್ದು ಬೇಡ. ಡಬ್ಬಿ ತುಂಬಿದಾಗ ಇನ್ನೊಂದು ಡಬ್ಬಿ ತರುವ ಬದಲು ಹಳೆಯ ಲಕೋಟೆಗಳನ್ನು ತೆಗೆದು ಸೋಸಬೇಕು.

ಟಿಕೆಟ್ಟುಗಳ ಬಗ್ಗೆ ಒಂದು ವಿಷಯ ನೆನಪಿಡಿ. ಈಗ ಬಸ್ಸಿನ ಕಂಡಕ್ಟರ್ ಯಂತ್ರದಿಂದ ಹರಿದು ಕೊಡುವ ಚೀಟಿ, ಟೋಲ್ ರಸೀದಿ, ಹೋಟೆಲ್ ಬಿಲ್ಲು ಹೆಚ್ಚಿನವು ಶಾಖ ತಾಗಿದರೆ ಕಪ್ಪಾಗುವ ಕಾಗದದ ಮೇಲೆ ಮುದ್ರಣಗೊಂಡವು. ಅದರಲ್ಲಿ ಶಾಯಿಯೇ ಇಲ್ಲ. ಬಿಸಿಲು, ಸೆಕೆ, ಪ್ಲಾಸ್ಟಿಕ್ ಕವರಿನ ಸಹವಾಸಕ್ಕೆ ಅಕ್ಷರ ಮಾಸಿ, ಕೆಲವು ತಿಂಗಳಲ್ಲೇ ಬಿಳಿ ಚೀಟಿ ಉಳಿಯುತ್ತದೆ. ಉಳಿಸಲೆಂದು ಲ್ಯಾಮಿನೇಶನ್ ಮಾಡಿಸಲು ಹೋದರೆ ಯಂತ್ರದ ಶಾಖಕ್ಕೆ ಇಡೀ ಚೀಟಿ ಕಪ್ಪಾಗುತ್ತದೆ. ನಮ್ಮ ಮಗಳು ಮೊದಲ ಸಲ ರಾತ್ರಿ ಬಸ್ಸಿನಲ್ಲಿ ಹೋದಾಗಿನ ಟಿಕೆಟ್ಟನ್ನು ಹೀಗೇ ಕಳೆದುಕೊಂಡೆವು. ಟಿಕೆಟ್ಟು ಕೈಗೆ ಬಂದ ದಿನವೇ ಫೋನಿನಲ್ಲಿ ಚಿತ್ರ ತೆಗೆಯಿರಿ, ಇಲ್ಲವೇ ಜೆರಾಕ್ಸ್ ಮಾಡಿಸಿ ಆ ಪ್ರತಿಯನ್ನು ಲಕೋಟೆಗೆ ಹಾಕಿ.

ಲಕೋಟೆಗೆ ಸೇರಬೇಕಾದದ್ದರಲ್ಲಿ ನನಗೆ ತುಂಬ ಇಷ್ಟವಾದದ್ದು ಅಂಚೆ ಕಾರ್ಡು. ಪ್ರವಾಸಕ್ಕೆ ಹೊರಡುವಾಗ 50 ಪೈಸೆಯ ನಾಲ್ಕು ಕಾರ್ಡು ಕೊಂಡು ಚೀಲದಲ್ಲಿ ಇಟ್ಟುಕೊಳ್ಳಿ. ಹೋದ ಊರಿನಲ್ಲಿ ಒಂದು ಸಂಜೆ ಕೂತು ಮನೆಯ ಪ್ರತಿಯೊಬ್ಬರೂ ತಮ್ಮದೇ ಮನೆಯ ವಿಳಾಸಕ್ಕೆ ಒಂದೊಂದು ಕಾರ್ಡು ಬರೆಯಲಿ. ಅವತ್ತು ಏನು ನೋಡಿದೆ, ಏನು ತಿಂದೆ, ಯಾರ ಜೊತೆ ಜಗಳವಾಡಿದೆ, ಐದಾರು ಸಾಲು. ಅಲ್ಲಿಯ ಅಂಚೆ ಡಬ್ಬಿಗೆ ಹಾಕಿ. ಸಾಮಾನ್ಯವಾಗಿ ನೀವು ಮನೆ ಸೇರಿದ ಮೇಲೆ ಅದು ಬರುತ್ತದೆ, ಊರಿನ ಹೆಸರು ತಾರೀಖಿನ ಮುದ್ರೆ ಹೊತ್ತು. ಬೇಲೂರು, ಶ್ರವಣಬೆಳಗೊಳದಂಥ ಊರುಗಳ ಅಂಚೆ ಕಚೇರಿಗಳಲ್ಲಿ ಅಲ್ಲಿಯ ಸ್ಮಾರಕದ ಚಿತ್ರವಿರುವ ವಿಶೇಷ ಮುದ್ರೆ ಇರುತ್ತದೆ. ಕಚೇರಿ ತೆರೆದಿರುವ ಹೊತ್ತಿನಲ್ಲಿ ಒಳಗೆ ಹೋಗಿ ಕೇಳಿದರೆ ಕಾರ್ಡಿಗೆ ಅದನ್ನೇ ಹಾಕಿಕೊಡುತ್ತಾರೆ. ನಮ್ಮ ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಬರೆದ ಕಾರ್ಡಿನಲ್ಲಿ ‘ಗೊಮ್ಮಟನಿಗೆ ಬೆನ್ನು ಇದೆಯಾ ಗೊತ್ತಾಗಲಿಲ್ಲ’ ಎಂದು ಇದೆ. ಯಾವ ಫೋಟೊದಲ್ಲೂ ಅದು ಸಿಗುತ್ತಿರಲಿಲ್ಲ.

ಮೂವತ್ತಾರು ಚಿತ್ರ

ಈಗ ಮನೆಯಲ್ಲಿ ಜಾಗ ತಿನ್ನದಿದ್ದರೂ ನಮ್ಮನ್ನು ಅತಿ ಹೆಚ್ಚು ಕಾಡುವ ರಾಶಿ ಫೋಟೊಗಳದ್ದು. ನಾಲ್ಕು ಜನ, ನಾಲ್ಕು ಫೋನು, ಮೂರು ದಿನ. ಬಾದಾಮಿಯಿಂದ ನಾವು ತಂದ ಚಿತ್ರಗಳು 1,400ಕ್ಕೂ ಹೆಚ್ಚು. ಅಗಸ್ತ್ಯ ತೀರ್ಥದ ಕೆರೆಯೇ ಅರವತ್ತು ಸಲ ಇತ್ತು.

ರೋಲ್ ಹಾಕುವ ಕ್ಯಾಮೆರಾದ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಅಪ್ಪ ಒಂದು ಪ್ರವಾಸಕ್ಕೆ ಒಂದೇ ರೋಲು ಕೊಳ್ಳುತ್ತಿದ್ದರು. ಕೊನೆಯ ನಾಲ್ಕು ಚಿತ್ರಗಳನ್ನು ಯಾವುದಕ್ಕೆ ಉಳಿಸಬೇಕೆಂದು ಮನೆಯವರೆಲ್ಲ ಸೇರಿ ಚರ್ಚೆ ಮಾಡುತ್ತಿದ್ದೆವು. ಆ ಆಲ್ಬಂಗಳನ್ನು ಈಗಲೂ ಎಲ್ಲರೂ ನೋಡುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಈಗ ಅದೇ ಲೆಕ್ಕ: ತೆಗೆಯುವುದು ಎಷ್ಟಾದರೂ ತೆಗೆಯಿರಿ, ಉಳಿಯುವುದು ಪ್ರವಾಸಕ್ಕೆ 36.

ಆರಿಸುವ ಕೆಲಸವನ್ನು ಮನೆಗೆ ಬಂದ ಮೊದಲ ಭಾನುವಾರವೇ ಮುಗಿಸಬೇಕು. ತಡವಾದರೆ ಆಗುವುದೇ ಇಲ್ಲ. ಊಟ ಮುಗಿಸಿ ಎಲ್ಲರೂ ಒಟ್ಟಿಗೆ ಕೂರಿ. ಮೊದಲು ಅಲುಗಿದವು, ಕಣ್ಣು ಮುಚ್ಚಿದವು, ಒಂದೇ ದೃಶ್ಯದ ಎರಡನೆಯ ಮೂರನೆಯ ಪ್ರತಿಗಳು ಹೋಗಲಿ. ಆಮೇಲೆ ಅಂತರ್ಜಾಲದಲ್ಲಿ ಇದಕ್ಕಿಂತ ಚೆನ್ನಾಗಿ ಸಿಗುವ ಚಿತ್ರಗಳನ್ನು ತೆಗೆದುಹಾಕಿ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಚಿತ್ರ ಯಾವಾಗ ಬೇಕಾದರೂ ಸಿಗುತ್ತದೆ. ಆ ಗುಡಿಯ ಜಗುಲಿಯ ಮೇಲೆ ಚಪ್ಪಲಿ ಕಳಚಿ ಕಾಲು ಒತ್ತಿಕೊಳ್ಳುತ್ತಿರುವ ಅಮ್ಮನ ಚಿತ್ರ ಇನ್ನೆಲ್ಲೂ ಸಿಗುವುದಿಲ್ಲ. ಮನೆಯವರ ಮುಖ, ಉಂಡ ತಟ್ಟೆ, ಉಳಿದುಕೊಂಡ ಕೋಣೆ, ಕೆಟ್ಟು ನಿಂತ ಕಾರು, ದಾರಿ ತೋರಿಸಿದ ಹುಡುಗ, ಇವು ಉಳಿಯಲಿ. ಚಿತ್ರ ತೆಗೆದವರು ಒಂದರಲ್ಲೂ ಇರುವುದಿಲ್ಲ, ಹೆಚ್ಚಿನ ಮನೆಗಳಲ್ಲಿ ಅದು ಒಬ್ಬರೇ. ಅವರಿರುವ ಒಂದು ಚಿತ್ರವನ್ನಾದರೂ ಹುಡುಕಿ ಸೇರಿಸಿ.

ಚಿತ್ರಗಳನ್ನು ಒಂದೆಡೆ ಸೇರಿಸುವಾಗ ವಾಟ್ಸ್‌ಆ್ಯಪಿನಲ್ಲಿ ಮಾಮೂಲಿ ಫೋಟೊ ಕಳಿಸಿದಂತೆ ಕಳಿಸಬೇಡಿ. ಅದು ಚಿತ್ರದ ಗಾತ್ರ ಕುಗ್ಗಿಸುತ್ತದೆ, ಚಿತ್ರದ ಕಡತದೊಳಗೆ ತಾನಾಗಿ ಸೇರಿರುವ ತೆಗೆದ ದಿನ, ಹೊತ್ತು, ಜಾಗದ ವಿವರವನ್ನೂ ಕಳಚುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲದಂತೆಯೇ ಹೋಗುತ್ತದೆ. ಕಂಪ್ಯೂಟರಿಗೆ ಕೇಬಲಿನಲ್ಲಿ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಫೋಲ್ಡರಿನ ಹೆಸರಿನಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ, ಊರು ಕೊನೆಗೆ ಬರಲಿ. ಹಾಗೆ ಬರೆದರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಗೂಗಲ್‌ನಲ್ಲಿ ಎಲ್ಲವೂ ಇದೆ ಎಂದು ನಿಶ್ಚಿಂತೆಯಿಂದ ಇರುವವರು ಎರಡು ಸಂಗತಿ ತಿಳಿದಿರಬೇಕು. ಎಷ್ಟು ಬೇಕಾದರೂ ಚಿತ್ರ ಪುಕ್ಕಟೆಯಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ಈಗ ಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ ಪುಕ್ಕಟೆ ಸಿಗುವುದು 15 ಜಿಬಿ. ಎರಡನೆಯದು, ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅಳಿಸುವ ಅಧಿಕಾರ ಕಂಪನಿಗಿದೆ. ತೀರಿಹೋದ ಹಿರಿಯರ ಫೋನಿನ ಚಿತ್ರಗಳು ಅವರ ಖಾತೆಯಲ್ಲೇ ಇದ್ದರೆ ಇವತ್ತೇ ಇಳಿಸಿಕೊಳ್ಳಿ.

ಒಟ್ಟು ಮೂರು ಪ್ರತಿ ಇರಲಿ: ಒಂದು ಫೋನಿನಲ್ಲೋ ಕಂಪ್ಯೂಟರಿನಲ್ಲೋ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ. ಬೇರೆ ಊರಿನಲ್ಲಿರುವ ತಮ್ಮನೋ ಅಮೆರಿಕದಲ್ಲಿರುವ ಅಕ್ಕನೋ ಇದ್ದರೆ 36 ಚಿತ್ರಗಳ ಒಂದು ಪ್ರತಿ ಅವರಿಗೆ ಕಳಿಸಿ. ಅವರಿಗೂ ಮನೆಯವರ ಮುಖ ನೋಡಿದಂತಾಯಿತು, ನಿಮ್ಮ ಮೂರನೆಯ ಪ್ರತಿಯೂ ಉಳಿಯಿತು. ಪೆನ್‌ಡ್ರೈವನ್ನು ವರ್ಷಗಟ್ಟಲೆ ನೆಚ್ಚಬೇಡಿ. ಹಾರ್ಡ್‌ಡಿಸ್ಕನ್ನೂ ವರ್ಷಕ್ಕೊಮ್ಮೆಯಾದರೂ ಜೋಡಿಸಿ ನೋಡಬೇಕು. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಇಡುವ ಮನೆಯವರಿಗೆ ಇದನ್ನು ಮರೆಯಲು ಸಾಧ್ಯವೇ ಇಲ್ಲ.

36ರಲ್ಲಿ ಹನ್ನೆರಡನ್ನಾದರೂ 4×6 ಅಂಗುಲಕ್ಕೆ ಪ್ರಿಂಟ್ ಹಾಕಿಸಿ. ಕಿಸೆಗಳಿರುವ ಆಲ್ಬಂ ಒಳ್ಳೆಯದು. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಂ ಬೇಡ. ವರ್ಷಗಳು ಕಳೆದಂತೆ ಆ ಅಂಟು ಹಳದಿಯಾಗಿ, ಚಿತ್ರ ಬಿಡಿಸಲು ಹೋದರೆ ಹರಿಯುತ್ತದೆ. ಪ್ರಿಂಟಿನ ನುಣುಪು ಬೆನ್ನಿನ ಮೇಲೆ ಪೆನ್ಸಿಲ್ ಹತ್ತುವುದಿಲ್ಲ, ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತದೆ. ಸಣ್ಣ ಮೊನೆಯ ಮಾರ್ಕರಿನಲ್ಲಿ ಅಂಚಿಗೆ ಬರೆದು ಪೂರ್ತಿ ಒಣಗಲು ಬಿಡಿ, ಇಲ್ಲವೇ ಚಿಕ್ಕ ಚೀಟಿಯಲ್ಲಿ ಬರೆದು ಚಿತ್ರದ ಹಿಂದೆ ಸೇರಿಸಿ. ಮಲೆನಾಡು, ಕರಾವಳಿಯವರಿಗೆ ಬೂಷ್ಟಿನ ಕಾಟ ಇದ್ದದ್ದೇ. ಆಲ್ಬಂ ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇರದಿರಲಿ, ಮಳೆಗಾಲ ಮುಗಿದೊಡನೆ ಒಂದು ಒಣದಿನ ನೋಡಿ ನೆರಳಿನಲ್ಲಿ ತೆರೆದಿಡಿ. ತೆರೆದಿಟ್ಟ ನೆಪಕ್ಕೆ ಎಲ್ಲರೂ ನೋಡುತ್ತಾರೆ.

ದನಿ, ಗೆರೆ

ಚಿತ್ರಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತಟ್ಟುವುದು ದನಿ. ಇದನ್ನು ಬಹಳ ಜನ ಮರೆಯುತ್ತಾರೆ. ಎಲ್ಲ ಫೋನಿನಲ್ಲೂ ದನಿ ಹಿಡಿಯುವ ರೆಕಾರ್ಡರ್ ಇರುತ್ತದೆ. ಒಂದು ನಿಮಿಷದ ದನಿಗೆ ಬೇಕಾದ ಜಾಗ ಸುಮಾರು ಒಂದು ಎಂಬಿ, ಅದೇ ಒಂದು ನಿಮಿಷದ ಎಚ್‌ಡಿ ವಿಡಿಯೊಗೆ ಅದರ ಅರವತ್ತು ಪಟ್ಟು ಅಥವಾ ಇನ್ನೂ ಹೆಚ್ಚು. ದಿನಕ್ಕೊಂದು ನಿಮಿಷ ಸಾಕು. ಜೋಗದ ಬಂಡೆಯ ಮೇಲಿನ ಮೊರೆತ, ಹುಬ್ಬಳ್ಳಿ ನಿಲ್ದಾಣದಲ್ಲಿ ಬಸ್ಸಿನ ಊರುಗಳನ್ನು ಕೂಗುವ ದನಿ, ಬನಶಂಕರಿಯಲ್ಲಿ “ರೊಟ್ಟಿ ಹಾಕ್ಲೇನ್ರೀ” ಎಂದು ಕೇಳಿದ ಆ ತಾಯಿಯ ಮಾತು. ಮಾತಾಡಿದವರ ದನಿ ಹಿಡಿಯುವ ಮುನ್ನ ಒಪ್ಪಿಗೆ ಕೇಳಿ. ರಾತ್ರಿ ಮಲಗುವ ಮುಂಚೆ ಮಕ್ಕಳಿಂದ ಅವತ್ತಿನ ವರದಿ ಹೇಳಿಸಿ ಹಿಡಿದಿಟ್ಟುಕೊಳ್ಳಿ. ಐದು ವರ್ಷದ ಮಗುವಿನ ತೊದಲು ಇನ್ನೊಮ್ಮೆ ಬರುವುದಿಲ್ಲ.

ಗೆರೆ ಎಳೆಯುವ ಮಕ್ಕಳಿದ್ದರೆ ಒಂದು ಚಿಕ್ಕ ಪುಸ್ತಕ, ಒಂದು ಪೆನ್ಸಿಲ್ ಕೊಡಿ. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಕಥೆ ‘ಹಸುರು ಹೊನ್ನು’. ಅದರೊಳಗಿನ ಚಿತ್ರಗಳೂ ಅವರವೇ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಲೆಯೊಂದನ್ನು ಬರೆಯಲು ಕೂತವನು ಅದನ್ನು ಹತ್ತು ನಿಮಿಷ ದಿಟ್ಟಿಸಲೇಬೇಕಾಗುತ್ತದೆ, ಹಾಗೆ ನೋಡಿದ್ದು ಮರೆಯುವುದಿಲ್ಲ. ಮಕ್ಕಳ ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ. ಬಾದಾಮಿಯ ಮೂರನೆಯ ಗುಹೆಯ ಕಂಬವೊಂದನ್ನು ಮಗಳು ಬರೆದದ್ದು ಸೌದೆ ಕಟ್ಟಿನಂತೆ ಕಾಣುತ್ತದೆ. ಅದರ ಕೆಳಗೆ ‘ಇಲ್ಲಿ ಕಲ್ಲು ತಣ್ಣಗಿತ್ತು’ ಎಂದು ಅವಳೇ ಬರೆದಿದ್ದಾಳೆ. ಆ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ ಎಂದು ಮಾರ್ಗದರ್ಶಿ ಹೇಳಿದ್ದು ನಮಗೆ ನೆನಪಿದೆ, ಅವಳಿಗೆ ನೆನಪಿರುವುದು ಆ ತಂಪು.

ಈಗಾಗಲೇ ತುಂಬಿರುವ ಷೋಕೇಸ್

ಹಳೆಯದನ್ನು ಏನು ಮಾಡುವುದು? ಒಂದು ದಿನ ಎಲ್ಲವನ್ನೂ ಇಳಿಸಿ ಹಾಲಿನಲ್ಲಿ ಹರಡಿ, ಮನೆಯವರೆಲ್ಲ ಸುತ್ತ ಕೂರಿ. ಒಂದೊಂದನ್ನೂ ಎತ್ತಿ ಹಿಡಿದು, ಇದರ ಕಥೆ ಯಾರಿಗೆ ಗೊತ್ತು ಎಂದು ಕೇಳಿ. ಕಥೆ ಇದ್ದದ್ದು ಉಳಿಯಲಿ, ಅಡಿಗೆ ಚೀಟಿ ಬೀಳಲಿ. ಯಾರಿಗೂ ಗೊತ್ತಿಲ್ಲದ್ದು ಹೋಗಲಿ. ಅನುಮಾನವಿದ್ದರೆ ಚಿತ್ರ ತೆಗೆದಿಟ್ಟುಕೊಂಡು ಕೊಟ್ಟುಬಿಡಿ. ಹಿರಿಯರು ತಂದದ್ದಾದರೆ ಅವರ ಎದುರಿನಲ್ಲೇ, ಅವರ ಒಪ್ಪಿಗೆಯಿಂದ ಮಾತ್ರ. ಅವರು ಮಲಗಿದ್ದಾಗ ಗುಜರಿಯವರಿಗೆ ಹಾಕುವುದು ತಪ್ಪು.

ಪುಣ್ಯಕ್ಷೇತ್ರದ ವಸ್ತುಗಳ ವಿಷಯ ನಾಜೂಕು. ಕುಂಕುಮ, ಭಸ್ಮದ ಪೊಟ್ಟಣಗಳನ್ನು ದಿನವೂ ಹಣೆಗಿಟ್ಟು ಮುಗಿಸಬಹುದು, ಹಳತಾದದ್ದನ್ನು ತುಳಸಿಯ ಬುಡಕ್ಕೆ ಹಾಕಬಹುದು. ಗಂಗೆಯ ಗಿಂಡಿಗಳನ್ನು ಬೆಸುಗೆ ಬಿಡಿಸದೆ ದಶಕಗಟ್ಟಲೆ ಇಡುವ ಬದಲು ಗೃಹಪ್ರವೇಶಕ್ಕೋ ಮದುವೆಗೋ ತೆಗೆದು ಬಳಸಿ. ಒಡೆದ ದೇವರ ಪಟಗಳನ್ನು ಅರಳಿಕಟ್ಟೆಯ ಮೇಲೆ, ಹೊಳೆಯ ದಂಡೆಯಲ್ಲಿ ಬಿಟ್ಟು ಬರುವುದು ದಯವಿಟ್ಟು ಬೇಡ. ಗಾಜಿನ ಚೂರಿಗೆ ಕಾಲು ಕುಯ್ದುಕೊಳ್ಳುವವರು ಹೊಳೆಗಿಳಿಯುವ ಮಕ್ಕಳು. ಗಾಜು, ಕಟ್ಟು ಬೇರ್ಪಡಿಸಿ ಗುಜರಿಗೆ ಕೊಡಿ, ಚಿತ್ರವನ್ನು ಹೊಸ ಕಟ್ಟಿಗೆ ಹಾಕಿಸಿ.

ನಮ್ಮ ಮನೆಯಲ್ಲಿ ಹೀಗೆ ಕೂತ ದಿನ ನಲವತ್ತಕ್ಕೂ ಹೆಚ್ಚು ವಸ್ತು ಹೊರಗೆ ಹೋದವು. ಉಳಿದದ್ದು ಒಂಬತ್ತು. ದೇವರ ಗೂಡಿನ ಗಿಂಡಿಯನ್ನು ಯಾರೂ ಮುಟ್ಟಲಿಲ್ಲ. ಅದನ್ನು ನೋಡಿದಾಗ ನನಗೆ ಹೊಳೆದದ್ದು ಒಂದೇ ಕೊರತೆ: ಸೀತಾಫಲದ ಕಥೆ ನಮಗೆಲ್ಲ ಬಾಯಿಪಾಠ, ಆದರೆ ಅಜ್ಜಿಯ ದನಿಯಲ್ಲಿ ಅದು ಎಲ್ಲಿಯೂ ಇಲ್ಲ.

ನಿಮ್ಮ ಮನೆಯಲ್ಲಿ ಕಾಶಿಗೋ ಪಂಢರಪುರಕ್ಕೋ ತಿರುಪತಿಗೋ ಹೋಗಿ ಬಂದ ಹಿರಿಯರಿದ್ದರೆ, ಈ ಭಾನುವಾರ ಅವರ ಪಕ್ಕದಲ್ಲಿ ಕೂತು ಫೋನಿನ ರೆಕಾರ್ಡರ್ ಒತ್ತಿ ಕೇಳಿ: “ಅಲ್ಲಿ ಏನು ಬಿಟ್ಟು ಬಂದ್ರಿ?”